ನಕ್ಷೆಯೊಳಗೆ ಅಂಗೈಯಗಲ ಬಿಳುಪು

ನಾರ್ವೆಯ ಹೆಲ್ಗೆಲಾಂಡ್ ಕರಾವಳಿಯಲ್ಲಿ ದ್ವೀಪಗಳನ್ನು ಎಣಿಸಹೊರಟವರು ಉಬ್ಬರದಲ್ಲಿ ಒಂದು ಲೆಕ್ಕ, ಇಳಿತದಲ್ಲಿ ಇನ್ನೊಂದು ಲೆಕ್ಕ ಹೇಳಿ ಜಗಳಾಡುವುದುಂಟು. ಅಂಥ ಕಡೆ ಕಣ್ಣು ಮುಚ್ಚಿ ದೋಣಿ ನಡೆಸುತ್ತಿದ್ದವಳು ಪೆರ್ನಿಲ್ಲೆ. ಗಂಡ ಸಮುದ್ರದ ಪಾಲಾದ ಮೇಲೆ ಇಪ್ಪತ್ತು ವರ್ಷ ತಾನೇ ಹುಟ್ಟು ಹಾಕಿ, ಮಗಳನ್ನು ಸಾಕಿ, ಊರ ಗಂಡಸರ ಬಾಯಿಗೆ ಬಾಯಿ ಕೊಟ್ಟು ಬದುಕಿದವಳು. ಅವಳ ಆಸ್ತಿಯೆಂದರೆ ಅಪ್ಪ ಸಾಯುವ ಮುನ್ನ ಕಿವಿಯಲ್ಲಿ ಹೇಳಿಹೋದ ಒಂದು ಜಾಗ. ದೋಣಿಯಿಂದ ನೋಡಿದಾಗ ಚರ್ಚಿನ ತುದಿ ಬೋಳುಗುಡ್ಡದ ಸೀಳಿನೊಳಗೆ ಕೂರಬೇಕು, ಕಪ್ಪು ಬಂಡೆಯ ಹಿಂದಿನಿಂದ ಅವಳ ಮನೆಯ ಹೊಗೆಗೂಡು ಇಣುಕಬೇಕು. ಅಲ್ಲಿ ಗಾಳ ಬಿಟ್ಟರೆ ಬಾಗಿಲಗಲದ ಚಪ್ಪಟೆ ಮೀನು.

ಪಕ್ಕದ ಮನೆಯ ಐಲರ್ಟ್ ಆ ಜಾಗಕ್ಕಾಗಿ ಹತ್ತು ವರ್ಷದಿಂದ ಅವಳ ದೋಣಿಯ ಹಿಂದೆ ಸುಳಿಯುತ್ತಿದ್ದ. ಅವನು ಕಂಡರೆ ಸಾಕು, ಪೆರ್ನಿಲ್ಲೆ ಮೀನೇ ಇಲ್ಲದ ನೀರಿಗೆ ಗಾಳ ಬಿಟ್ಟು ಸಂಜೆತನಕ ಹಾಡಿಕೊಂಡು ಕೂರುವಳು.

ಸಾವಿರದ ಎಂಟುನೂರ ತೊಂಬತ್ತರ ಬೇಸಿಗೆಯಲ್ಲಿ ಕರಾವಳಿಯ ನಕ್ಷೆ ಮಾಡಲು ಬಂದ ಕ್ಯಾಪ್ಟನ್ ಹೋಲ್ಕ್ ದೋಣಿಗೆ ಅವಳನ್ನೇ ಗೊತ್ತುಮಾಡಿಕೊಂಡ. ಅವಳು ಹುಟ್ಟು ಹಾಕಬೇಕು, ಅವನು ಸೀಸದ ಗುಂಡು ಇಳಿಬಿಟ್ಟು ಆಳ ಬರೆದುಕೊಳ್ಳಬೇಕು. ಅಪ್ಪನ ಜಾಗ ಹತ್ತಿರ ಬಂದಾಗಲೆಲ್ಲ ಅವಳಿಗೆ ಒಂದಲ್ಲ ಒಂದು ನೆಪ.

“ಅತ್ಲಾಗೆ ಬೇಡ ಕ್ಯಾಪ್ಟನ್ರೇ, ಸೆಳವು ಕೆಟ್ಟದು.”

“ನಿನ್ನೇನೂ ಅದೇ ಹೇಳಿದ್ರಿ.”

“ನಿನ್ನೆ ಸೆಳವು. ಇವತ್ತು ಸೊಂಟಾನೂ ಕೆಟ್ಟಿದೆ.”

ಆರು ವಾರ ಹೀಗೇ ನಡೆಯಿತು. ಕೊನೆಗೊಂದು ದಿನ ಹೋಲ್ಕ್ ಅವಳ ಅಡುಗೆಮನೆಯ ಮೇಜಿನ ಮೇಲೆ ಕರಡು ನಕ್ಷೆ ಹಾಸಿದ. ಕಾಫಿ ಬಗ್ಗಿಸುತ್ತಿದ್ದ ಪೆರ್ನಿಲ್ಲೆ ಇಣುಕಿದಳು. ನೀರಿನ ತುಂಬ ಇರುವೆ ಮುತ್ತಿದಂತೆ ಅಂಕಿಗಳು; ನಟ್ಟನಡುವೆ ಅಂಗೈಯಗಲ ಬಿಳುಪು. ಅಪ್ಪನ ಜಾಗ! ಇದು ಅಚ್ಚಾಗಿ ಅಂಗಡಿಗೆ ಬಂದರೆ ಅದನ್ನು ಹುಡುಕಲು ಐಲರ್ಟ್ ಕನ್ನಡಕ ಕೂಡ ಹಾಕಬೇಕಾಗಿಲ್ಲ. ತನ್ನ ಜಾಣತನದ ಮೇಲೆ ಅವಳಿಗೆ ಮೈಯೆಲ್ಲ ಉರಿದುಹೋಯಿತು.

“ಏಳಿ, ಹೋಗೋಣ.”

“ಸೊಂಟ?”

“ಸೊಂಟ ಸುಟ್ಟುಹೋಗ್ಲಿ. ಗುಂಡು ತಗೊಳ್ಳಿ.”

ಚರ್ಚಿನ ತುದಿ ಸೀಳಿನೊಳಗೆ ಕೂತಿತು, ಹೊಗೆಗೂಡು ಇಣುಕಿತು. ಅವಳು ಹುಟ್ಟು ನಿಲ್ಲಿಸಿದಳು. ಗಂಡನನ್ನು ಕೂಡ ಇಲ್ಲಿಗೆ ಕರೆತಂದಿರಲಿಲ್ಲ.

“ನಲವತ್ತೊಂದು ಮಾರು,” ಎಂದ ಹೋಲ್ಕ್. “ಈ ಜಾಗಕ್ಕೆ ಹೆಸರೇನಾದ್ರೂ ಇದ್ಯಾ? ಇದ್ರೆ ನಕ್ಷೇಲಿ ಹಾಕ್ತೀನಿ.”

ಅಪ್ಪ ಆ ಜಾಗಕ್ಕೆ ಇಟ್ಟಿದ್ದದ್ದು ಪೆರ್ನಿಲ್ಲೆಯ ಹೆಸರನ್ನೇ. ಅದು ಅವಳ ನಾಲಗೆಯ ತುದಿಗೆ ಬಂತು.

“ಹೆಸರೆಲ್ಲಿಂದ ಬರ್ಬೇಕು ಕ್ಯಾಪ್ಟನ್ರೇ,” ಎಂದಳು. “ಬರೀ ನೀರು.”

ಅವನು ಅಂಕಿಯನ್ನಷ್ಟೇ ಬರೆದುಕೊಂಡ. ವಾಪಸು ಬರುವಾಗ ಪೆರ್ನಿಲ್ಲೆ ಗಾಳಿಗೆ ಬೈಯುತ್ತ ಕಣ್ಣೊರೆಸಿಕೊಂಡಳು. ಅಷ್ಟು ಸಂಕಟವಾಗಿತ್ತು.

ನಕ್ಷೆ ಅಚ್ಚಾದ ವರ್ಷ ಐಲರ್ಟ್ ಮೊದಲಿಗನಾಗಿ ಕೊಂಡು ತಂದು, ಅವಳ ಮೇಜಿನ ಮೇಲೆಯೇ ಹರಡಿ, ಅಂಕಿಗಳ ಮೇಲೆ ಮೂಗಿಟ್ಟು ಹುಡುಕತೊಡಗಿದ. ಪೆರ್ನಿಲ್ಲೆ ಅವನಿಗೆ ಕಾಫಿ ಕೊಟ್ಟು, ಕಾಣಲೆಂದು ದೀಪವನ್ನೂ ಹತ್ತಿರಕ್ಕೆ ಸರಿಸಿದಳು.