ಲೈನಿಂಗ್ ಬಟ್ಟೆಯ ಮೇಲೆ ಮೂವತ್ತು ಅಕ್ಷರ

ಆಗೆಲ್ಲ ತರೀಕೆರೆಗೆ ಚಳಿಗಾಲ ಬಸ್ಸಿನಲ್ಲಿ ಬರುತ್ತಿತ್ತು. ದೀಪಾವಳಿಯ ಪಟಾಕಿ ಕಸ ಗುಡಿಸಿ ಮುಗಿಯುವಷ್ಟರಲ್ಲಿ ಬೈಲಕುಪ್ಪೆ ಕಡೆಯ ಟಿಬೆಟಿನವರು ಬಸ್ಸಿನ ಟಾಪಿನ ಮೇಲೆ ದೊಡ್ಡ ದೊಡ್ಡ ಗಂಟು ಹೇರಿಕೊಂಡು ಬಂದು ಇಳಿಯುತ್ತಿದ್ದರು. ನಮ್ಮ ಮನೆಯ ಪಕ್ಕದ ಖಾಲಿ ಸೈಟಿನಲ್ಲಿ ಗಳ ನೆಟ್ಟು, ನೀಲಿ ಟಾರ್ಪಾಲು ಎಳೆದು, ಹಗ್ಗದ ಮೇಲೆ ಸ್ವೆಟರ್ ನೇತುಹಾಕಿದರೋ ಇಲ್ಲವೋ, ಅಲ್ಲಿಯವರೆಗೆ ಬನಿಯನ್ನಿನಲ್ಲಿ ಓಡಾಡುತ್ತಿದ್ದ ಊರಿನವರಿಗೆಲ್ಲ ಒಮ್ಮೆಲೇ ಚಳಿಯಾಗಲು ಶುರುವಾಗುತ್ತಿತ್ತು. ಅಂಥದ್ದೊಂದು ಸ್ವೆಟರ್, ಮೊಣಕೈ ಸವೆದದ್ದು, ನಿಮ್ಮ ಮನೆಯ ಟ್ರಂಕಿನಲ್ಲೂ ಇನ್ನೂ ಇದ್ದೀತು.

ನನ್ನ ಅಮ್ಮ ಟೈಲರ್. ಗಿರಿಜಕ್ಕ ಅಂದರೆ ಬಸ್‌ಸ್ಟ್ಯಾಂಡಿನಲ್ಲಿ ಯಾರು ಬೇಕಾದರೂ ಮನೆ ತೋರಿಸುತ್ತಿದ್ದರು. ಅಜ್ಜಂಪುರದಿಂದ ಮದುವೆಯಾಗಿ ಬರುವಾಗ ತಂದ ಹೊಲಿಗೆ ಮಿಷನ್ನು ಜಗಲಿಯ ಮೇಲೆ, ಅದರ ಹಿಂದೆ ಅಮ್ಮ. ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ ಬೈಯುವ ವಿದ್ಯೆ ಅವಳಿಗಿತ್ತು. ಬೇಗ ಹೊಲಿದುಕೊಡಿ ಅಂದವರಿಗೆ, ಲೆಕ್ಕ ತಪ್ಪಿದ ನನಗೆ, ಹೋದ ಕರೆಂಟಿಗೆ, ಎಲ್ಲರಿಗೂ ಸಮನಾಗಿ ಬೈಯುತ್ತಿದ್ದಳು. ಸ್ವೆಟರಿನವರ ಕಿತ್ತುಹೋದ ಜಿಪ್ಪು, ಬಿಚ್ಚಿದ ಹೊಲಿಗೆ ಎಲ್ಲ ಅವಳ ಹತ್ತಿರವೇ ಬರುತ್ತಿದ್ದವು. ಹಾಗೆ ಆ ಅಂಗಡಿಗೂ ನಮ್ಮ ಮನೆಗೂ ನಂಟು ಬೆಳೆಯಿತು.

ನಾನು ಐದನೇ ಕ್ಲಾಸಿನಲ್ಲಿದ್ದ ವರ್ಷ ಅಂಗಡಿಯವರ ಜೊತೆ ಇಬ್ಬರು ಹೊಸಬರು ಬಂದರು. ಒಬ್ಬಳು ಅವರ ಮಗಳು ಡೋಲ್ಮಾ, ನನ್ನದೇ ವಯಸ್ಸು. ಅವಳ ಶಾಲೆಗೆ ಚಳಿಗಾಲದಲ್ಲಿ ಉದ್ದನೆಯ ರಜೆಯಂತೆ. ನನಗೆ ಹೊಟ್ಟೆಯುರಿದುಹೋಯಿತು. ಇನ್ನೊಬ್ಬರು ಡೋಲ್ಮಾಳ ಅಜ್ಜಿ. ಅಜ್ಜಿಯನ್ನು ಅವರ ಭಾಷೆಯಲ್ಲಿ ಮೊಮೊ ಅನ್ನುತ್ತಾರೆ, ನಾವೂ ಹಾಗೇ ಕರೆದೆವು. ಮುಖದ ತುಂಬ ಸುಕ್ಕು, ಎರಡು ಜಡೆ, ಕೈಯಲ್ಲಿ ಜಪಮಣಿ. ಕನ್ನಡ ಹತ್ತು ಮಾತು ಬರುತ್ತಿತ್ತು. ಅದರಲ್ಲಿ ಎಲ್ಲರಿಗೂ ಏಕವಚನವೇ. ಒಮ್ಮೆ ನಮ್ಮ ಹೆಡ್‌ಮಾಸ್ತರಿಗೇ "ಬಾರೋ, ಹಾಕ್ಕೋ, ಒಳ್ಳೆ ಉಲ್ಲನ್" ಅಂದುಬಿಟ್ಟರು. ಮಾಸ್ತರು ಹಾಕಿಕೊಂಡೇಬಿಟ್ಟರು.

ಶಾಲೆ ಬಿಟ್ಟ ಕೂಡಲೇ ನಾನು, ಡೋಲ್ಮಾ ಆ ಸೈಟಿನಲ್ಲಿ ಕುಂಟೆಬಿಲ್ಲೆ ಆಡುತ್ತಿದ್ದೆವು. ಆಟ ಮುಗಿದರೆ ಮೊಮೊ ಕರೆದು ಚಹಾ ಕೊಡುತ್ತಿದ್ದರು. ಬೆಣ್ಣೆ, ಉಪ್ಪು ಹಾಕಿದ ಚಹಾ! ಮೊದಲ ಗುಟುಕಿಗೇ ನಾನು ಥೂ ಅಂತ ಉಗಿದುಬಿಟ್ಟೆ. ಮೊಮೊ ಹೊಟ್ಟೆ ಹಿಡಿದುಕೊಂಡು ನಕ್ಕರು. ಅದೇ ಮೊಮೊಗೆ ಅಮ್ಮ ಒಂದು ದಿನ ಅವರೆಕಾಳು ಸಾರು, ಮುದ್ದೆ ಇಟ್ಟಾಗ ಮುದ್ದೆಯನ್ನು ಮುರಿದು, ಮೂಸಿ, ಬಾಯಿಗಿಟ್ಟು ಡೋಲ್ಮಾಗೆ ಏನೋ ಹೇಳಿದರು.

"ನಮ್ಮೂರಲ್ಲೂ ಹಿಟ್ಟು ಕಲಸಿ ಹಿಂಗೇ ಉಂಡೆ ಮಾಡ್ತಾರಂತೆ ಆಂಟಿ. ಇದು ಕಪ್ಪು, ಅಷ್ಟೇ ಅಂತೆ" ಎಂದಳು ಡೋಲ್ಮಾ.

"ಹಂಗಾದ್ರೆ ನಾಳೆಯಿಂದ ಇಲ್ಲೇ ಉಣ್ಣಕ್ಕೇಳು" ಎಂದಳು ಅಮ್ಮ. ಆ ಚಳಿಗಾಲವೆಲ್ಲ ಮೊಮೊ ಮಧ್ಯಾಹ್ನ ನಮ್ಮ ಮನೆಯಲ್ಲೇ ಉಂಡರು.

ಡೋಲ್ಮಾ ರಜೆಯ ಹೋಂವರ್ಕು ಮಾಡುವಾಗ ಮೊಮೊ ಪಕ್ಕದಲ್ಲಿ ಕೂತು ರೆಪ್ಪೆ ಬಡಿಯದೆ ನೋಡುತ್ತಿದ್ದರು. ಅವಳು ತನ್ನ ಭಾಷೆಯ ಅಕ್ಷರಗಳನ್ನು "ಕ, ಖ, ಗ" ಅಂತ ಹೇಳಿದಾಗ ನಾನು ಎದ್ದು ನಿಂತು ಜಗಳಕ್ಕೇ ಹೋದೆ. ನಮ್ಮದನ್ನು ಕದ್ದಿದ್ದೀಯಲ್ಲೇ ಅಂತ. ಅವಳೂ ಬಿಡಲಿಲ್ಲ, ನೀವೇ ಕದ್ದಿರೋದು ಅಂದಳು. ಮೊಮೊ ಇಬ್ಬರ ತಲೆಗೂ ಒಂದೊಂದು ಮೊಟಕಿ, ಇಬ್ಬರಿಂದಲೂ ಒಟ್ಟಿಗೆ ಹೇಳಿಸಿದರು.

ಈಗ ಒಂದು ಪತ್ರದ ವಿಷಯಕ್ಕೆ ಬರುತ್ತೇನೆ. ಮೊಮೊ ಹರೆಯದಲ್ಲಿ ಚೀನಾದವರು ಬಂದು ಊರು ಹಿಡಿದಾಗ ಹಿಮದಲ್ಲಿ ನಡೆದು ಈ ಕಡೆಗೆ ಬಂದವರು. ಚಿಕ್ಕ ಮಗನನ್ನು ಬೆನ್ನಿಗೆ ಕಟ್ಟಿಕೊಂಡಿದ್ದರು, ಅವನೇ ಡೋಲ್ಮಾಳ ಅಪ್ಪ. ದೊಡ್ಡ ಮಗನನ್ನು ಅತ್ತೆಯ ಹತ್ತಿರ ಬಿಟ್ಟು ಬಂದರು, ಬೇಗ ವಾಪಸು ಹೋಗುತ್ತೇವಲ್ಲ ಅಂತ. ಹೋಗಲು ಆಗಲೇ ಇಲ್ಲ. ಆ ಮಗ ಅಲ್ಲೇ ಬೆಳೆದ, ಅವನಿಗೊಬ್ಬ ಮಗಳು, ಹೆಸರು ಯಾಂಗ್ಚೆನ್. ಮೊಮೊ ಅವಳ ಮುಖವನ್ನೇ ನೋಡಿದವರಲ್ಲ. ವರ್ಷಕ್ಕೊಂದು ಸಲ ಮಗ ಬರೆದ ಪತ್ರ ಯಾರ ಯಾರದೋ ಕೈ ದಾಟಿ ನೇಪಾಳಕ್ಕೆ ಬಂದು, ಅಲ್ಲಿಂದ ಅಂಚೆಯಲ್ಲಿ ಬೈಲಕುಪ್ಪೆಗೆ ಬರುತ್ತಿತ್ತು. ಆ ವರ್ಷ ಅದನ್ನು ನಮ್ಮ ಮನೆಯ ವಿಳಾಸಕ್ಕೆ ಕಳಿಸಲು ಹೇಳಿ ಬಂದಿದ್ದರು. ಈ ಸಲ ಮೊಮ್ಮಗಳೇ ಬರೆಯುತ್ತಾಳೆ ಅಂತ ಹೋದ ಪತ್ರದಲ್ಲಿ ಮಗ ಬರೆದಿದ್ದನಂತೆ. ಮೊಮೊ ದಿನಕ್ಕೆ ನಾಲ್ಕು ಸಲ ಜಗಲಿಗೆ ಬಂದು ಪೋಸ್ಟ್‌ಮ್ಯಾನ್ ದಾರಿ ಕಾಯುತ್ತಿದ್ದರು.

ಪತ್ರ ಬಂದ ದಿನ ನಾನೇ ಓಡಿಹೋಗಿ ಕೊಟ್ಟೆ. ಮೊಮೊ ಅದನ್ನು ಹಣೆಗೊತ್ತಿಕೊಂಡು, ಜಾಗ್ರತೆಯಾಗಿ ಒಡೆದು, ಸಣ್ಣ ಅಕ್ಷರ ತಮ್ಮ ಕಣ್ಣಿಗೆ ಕಾಣದ್ದರಿಂದ ಡೋಲ್ಮಾಳ ಕೈಗೆ ಕೊಟ್ಟು ಕಣ್ಣು ಮುಚ್ಚಿ ಕೂತರು. ಡೋಲ್ಮಾ ಓದಲೇ ಇಲ್ಲ. ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿದಳು. ಆಮೇಲೆ ನನ್ನ ಕಡೆ ನೋಡಿ ಕನ್ನಡದಲ್ಲಿ, ಮೊಮೊಗೆ ತಿಳಿಯದಿರಲಿ ಅಂತ, ಮೆಲ್ಲಗೆ ಹೇಳಿದಳು: "ಇದು ನಮ್ಮ ಅಕ್ಷರ ಅಲ್ಲ ಕಣೇ. ಚೀನಾದ್ದು."

ಮೊಮೊನಿಂದ ಎಷ್ಟು ಹೊತ್ತು ಮುಚ್ಚಿಡಲು ಆಗುತ್ತದೆ? ಗೊತ್ತಾಯಿತು. ಆ ಮಧ್ಯಾಹ್ನ ಅವರು ಊಟಕ್ಕೆ ಬರಲಿಲ್ಲ.

ಅಮ್ಮ ಮಿಷನ್ ನಿಲ್ಲಿಸಿ ಎದ್ದಳು. ಮೊದಲು ಐದು ಭಾಷೆ ಬಲ್ಲ ನಮ್ಮ ಹೆಡ್‌ಮಾಸ್ತರ ಹತ್ತಿರ ಹೋದೆವು. ಅವರು ಕನ್ನಡಕ ಏರಿಸಿ, ಪತ್ರವನ್ನು ತಲೆಕೆಳಗಾಗಿ ಹಿಡಿದು ಬಹಳ ಹೊತ್ತು ನೋಡಿ, "ಇದರ ಲಿಪಿ ಕ್ಲಿಷ್ಟವಾಗಿದೆ ಗಿರಿಜಮ್ಮ" ಅಂದರು. ಹೊರಗೆ ಬರುತ್ತಿದ್ದಂತೆ ಅಮ್ಮ ಸಿಡುಕಿದಳು: "ಬರಲ್ಲ ಅನ್ನಕ್ಕೆ ಇವ್ರಿಗೇನು ನೋವು?" ನಾಲ್ಕು ಹೆಜ್ಜೆ ಹಾಕಿ ದವಡೆ ಮುಟ್ಟಿಕೊಂಡು ನಿಂತಳು. "ಏ ಸುಮಾ, ಶಿವಮೊಗ್ಗದಲ್ಲಿ ನನ್ನ ಹಲ್ಲು ಕಿತ್ತರಲ್ಲ, ಆ ಡಾಕ್ಟ್ರು ಚೈನಾದೋರು ಕಣೇ!"

ಮರುದಿನ ಬೆಳಿಗ್ಗೆ ಅಮ್ಮ, ಮೊಮೊ, ಡೋಲ್ಮಾ, ನಾನು ಶಿವಮೊಗ್ಗದ ಬಸ್ಸು ಹತ್ತಿದೆವು. ಎಲ್ಲಿಗೆ ಅಂತ ಮೊಮೊಗೆ ಡೋಲ್ಮಾ ಪೂರ್ತಿ ಹೇಳಿರಲಿಲ್ಲ. ದವಾಖಾನೆಯ ಒಳಗೆ ಬಿಳಿ ಕೋಟಿನ ಡಾಕ್ಟರ ಮುಖ ನೋಡಿದ್ದೇ ತಡ, ಮೊಮೊ ಬಾಗಿಲಲ್ಲೇ ನಿಂತುಬಿಟ್ಟರು. ಅಮ್ಮ ಕೈ ಹಿಡಿದು ಎಳೆದುಕೊಂಡು ಹೋದಳು. ಹಲ್ಲುನೋವಿನ ಅಜ್ಜಿ ಅಂದುಕೊಂಡ ಡಾಕ್ಟರು ಕುರ್ಚಿಯಲ್ಲಿ ಕೂರಿಸಿ, "ಬಾಯಿ ತೆಗೀರಿ ಅಜ್ಜಿ, ಹೆದರ್ಬೇಡಿ, ನೋವಾಗಲ್ಲ" ಎಂದರು, ಅಪ್ಪಟ ಶಿವಮೊಗ್ಗದ ಕನ್ನಡದಲ್ಲಿ. ಎಷ್ಟೇ ಕೋಪವಿದ್ದರೂ ಡಾಕ್ಟರು ಹೇಳಿದ ಮೇಲೆ ಬಾಯಿ ತೆರೆಯಬೇಕಲ್ಲ. ಮೊಮೊ ತೆರೆದರು. ಇದ್ದದ್ದು ನಾಲ್ಕು ಹಲ್ಲು.

ಅಮ್ಮ ನಗು ತಡೆಯಲಾರದೆ ಪತ್ರ ಚಾಚಿದಳು. "ಹಲ್ಲಲ್ಲ ಡಾಕ್ಟ್ರೇ, ಇದನ್ನ ಓದಿ ಹೇಳ್ಬೇಕು."

ಡಾಕ್ಟರು ಪತ್ರ ನೋಡಿ ಪೆಚ್ಚಾದರು. "ತಾತನ ಕಾಲಕ್ಕೇ ಇಲ್ಲಿಗೆ ಬಂದೋರು ಕಣಮ್ಮ ನಾವು. ಮನೇಲಿ ಮಾತಾಡ್ತೀನಿ, ಅಕ್ಷರ ಬರಲ್ಲ. ಇರಿ, ನಮ್ಮಮ್ಮನ್ನ ಕರೀತೀನಿ."

ಒಳಗಿನಿಂದ ಬಂದ ಮುದುಕಿ ಮೊಮೊಗಿಂತ ಕುಳ್ಳಗಿದ್ದರು. ಹೂವಿನ ಶರ್ಟು, ಪೈಜಾಮ. ಪತ್ರವನ್ನು ಕಣ್ಣಿನ ಹತ್ತಿರ ಹಿಡಿದು, ಚೀನಾದಲ್ಲಿ ಕೆಲವು ಅಕ್ಷರ ಈಗ ಬೇರೆ ಮಾಡಿಬಿಟ್ಟಿದ್ದಾರೆ ಅಂತ ಗೊಣಗಿ, ಒಂದೊಂದೇ ಸಾಲು ಓದಿದರು. ಅವರು ಹೇಳಿದ್ದನ್ನು ಮಗ ಕನ್ನಡದಲ್ಲಿ ಹೇಳಿದರು. ಅದನ್ನು ಡೋಲ್ಮಾ ತನ್ನ ಭಾಷೆಯಲ್ಲಿ ಮೊಮೊಗೆ ಹೇಳಿದಳು. ಮಧ್ಯದ ಕನ್ನಡ ನಮಗೆ ಉಳಿಯಿತು, ಅದು ನನಗೆ ಇವತ್ತಿಗೂ ಬಾಯಿಪಾಠ.

"ಅಜ್ಜೀ, ನಾನು ಚೆನ್ನಾಗಿದ್ದೀನಿ. ಈಗ ಊರಲ್ಲಿಲ್ಲ, ದೂರದ ಪೇಟೆಯ ಶಾಲೆಯಲ್ಲಿದ್ದೀನಿ. ಊಟ, ನಿದ್ದೆ ಅಲ್ಲೇ. ಅಲ್ಲಿ ನಮ್ಮ ಭಾಷೆಯ ಪಾಠ ಇಲ್ಲ. ರಜೆಯಲ್ಲಿ ಊರಿಗೆ ಹೋದಾಗ ಸನ್ಯಾಸಿಯೊಬ್ಬರು ಮಕ್ಕಳನ್ನು ಕೂರಿಸಿ ಹೇಳಿಕೊಡ್ತಿದ್ದರು. ನಾಲ್ಕು ಅಕ್ಷರ ಕಲಿತಿದ್ದೆ, ಅಷ್ಟರಲ್ಲಿ ಅಧಿಕಾರಿಗಳು ಬಂದು ನಿಲ್ಲಿಸಿ ಪುಸ್ತಕ ತಗೊಂಡು ಹೋದರು. ಆ ನಾಲ್ಕೂ ಮರೆತುಹೋದವು. ನನ್ನ ಪತ್ರ ನಿಮಗೆ ಓದಕ್ಕಾಗಲ್ಲ ಅಂತ ಗೊತ್ತು. ಆದರೂ ನಾನೇ ಬರೀಬೇಕು ಅನ್ನಿಸ್ತು. ನನ್ನ ಹೆಸರು ನಮ್ಮ ಅಕ್ಷರದಲ್ಲಿ ಹೇಗಿರುತ್ತೆ? ಬರೆದು ಕಳಿಸ್ತೀರಾ?"

ಮೊಮೊ ಅಳುತ್ತಾರೆ ಅಂದುಕೊಂಡಿದ್ದೆ. ಅಳಲಿಲ್ಲ. ಕುರ್ಚಿಯ ಕೈಯನ್ನು ಗಟ್ಟಿಯಾಗಿ ಹಿಡಿದು ಕೂತಿದ್ದರು. ಅತ್ತದ್ದು ಓದಿದ ಮುದುಕಿ. ಅವರು ಪತ್ರವನ್ನು ಮಡಚಿ ಎರಡೂ ಕೈಯಲ್ಲಿ ವಾಪಸು ಕೊಟ್ಟರು. ಮೊಮೊ ಎರಡೂ ಕೈಯಲ್ಲೇ ತೆಗೆದುಕೊಂಡರು. ಬಾಗಿಲು ದಾಟಲು ಒಪ್ಪದವರು ಆ ಮನೆಯ ಚಹಾ ಕುಡಿದೇ ಹೊರಟರು.

ವಾಪಸು ಬರುವಾಗ ಬಸ್ಸು ಭದ್ರಾವತಿ ದಾಟಿತು. ಆಮೇಲೆ ಅಮ್ಮ ಕೇಳಿದಳು: "ಯಾಂಗ್ಚೆನ್ ಅಂದ್ರೇನೇ ಡೋಲ್ಮಾ?"

"ವಿದ್ಯೆಯ ದೇವತೆ ಆಂಟಿ. ಕೈಯಲ್ಲಿ ವೀಣೆ ಇರುತ್ತೆ."

"ಸರಸ್ವತಿ ಅನ್ನು! ಸರಸ್ವತಿ ಅಂತ ಹೆಸರಿಟ್ಕೊಂಡಿರೋ ಮಗೀಗೆ ಅಕ್ಷರ ಕೊಡಲ್ವಂತಾ? ಅವ್ರ ಕೈ ಸೇದೋಗ!" ಬಸ್ಸಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. "ಬರೆದು ಕಳಿಸಿ ಅತ್ಲಾಗೆ. ಹೆಸರೊಂದೇ ಯಾಕೆ, ಎಲ್ಲಾ ಅಕ್ಷರನೂ ಕಳಿಸಿ."

ಡೋಲ್ಮಾ ಮೊಮೊನ ಕೇಳಿ ಹೇಳಿದಳು: "ಯಾಂಗ್ಚೆನ್ ಕೈಗೆ ಹೋಗೋ ಕಾಗದನ ಶಾಲೇಲಿ ನೋಡ್ತಾರಂತೆ ಆಂಟಿ. ಕಿತ್ಕೊಳ್ತಾರೆ."

ಅಮ್ಮ ತನ್ನ ಸೆರಗಿನ ಅಂಚನ್ನು ತಿರುವಿ ಒಳಬದಿ ನೋಡಿದಳು. "ಕೋಟಿನ ಒಳಗಡೆ ಯಾರು ನೋಡ್ತಾರೆ?" ಎಂದಳು.

ಹೊಲಿಗೆಯ ವಿಷಯದಲ್ಲಿ ಅಮ್ಮ ಬಹಳ ಹಟದವಳು. ಅಂಗಡಿಯಲ್ಲಿದ್ದ ಕೆಂಪು ಕೋಟೊಂದರ ಲೈನಿಂಗ್ ಬಿಚ್ಚಿ, ಹಾಲುಬಣ್ಣದ ಬಟ್ಟೆ ಕತ್ತರಿಸಿದಳು. ಡೋಲ್ಮಾ ಚಾಕಿನಲ್ಲಿ ಅಕ್ಷರ ಬರೆದಳು, ನಾನು ಸ್ಕೇಲಿಟ್ಟು ಗೆರೆ ಎಳೆದೆ, ಮೊಮೊ ತಿದ್ದಿದರು. ಅಮ್ಮ ನೀಲಿ ನೂಲು ಹಾಕಿ ಚಾಕಿನ ಮೇಲೇ ಮಿಷನ್ ಓಡಿಸಿದಳು. ಒಂದೊಂದು ಅಕ್ಷರಕ್ಕೂ ಸೂಜಿ ಊರಿ, ಬಟ್ಟೆ ತಿರುಗಿಸಿ, ಮತ್ತೆ ನಾಲ್ಕು ಹೊಲಿಗೆ. ಮೊದಲ ಸಾಲು ಮುಗಿಸಿ ಹೆಮ್ಮೆಯಿಂದ ಕೋಟಿಗೆ ಹಿಡಿದು ನೋಡಿದರೆ ಅಕ್ಷರವೆಲ್ಲ ಕನ್ನಡಿಯಲ್ಲಿ ಕಂಡ ಹಾಗೆ ತಿರುಗುಮುರುಗು! ನಾವು ಮಾತಿನ ಭರದಲ್ಲಿ ಬಟ್ಟೆಯ ಹಿಂಬದಿಗೆ ಬರೆದಿದ್ದೆವು. ಇಪ್ಪತ್ತು ವರ್ಷ ಹೊಲಿದವಳು ಅದನ್ನು ಗಮನಿಸಿರಲಿಲ್ಲ. ಮೊಮೊ ಬಾಯಿ ಮುಚ್ಚಿಕೊಂಡು ನಗತೊಡಗಿದರು. ಅಮ್ಮ ಪಿನ್ನು ಕಚ್ಚಿಕೊಂಡು ನಮ್ಮಿಬ್ಬರಿಗೂ ಪೂಜೆ ಮಾಡಿದಳು. ಅಷ್ಟನ್ನೂ ಬಿಚ್ಚಿ ಮತ್ತೆ ಹೊಲಿದಳು.

ಮೂರು ದಿನ ಊರಿನ ರವಿಕೆಗಳೆಲ್ಲ ಮೂಲೆಯಲ್ಲಿ ಬಿದ್ದಿದ್ದವು. ಬೈದು ಹೋದವರು ಹೋದರು. ಅವರ ಭಾಷೆಯ ಮೂವತ್ತೂ ಅಕ್ಷರ, ಕೆಳಗೆ ದೊಡ್ಡದಾಗಿ ಯಾಂಗ್ಚೆನ್ ಹೆಸರು. ಎಲ್ಲ ಮುಗಿದ ಮೇಲೆ ಅಮ್ಮ ಕಂಕುಳಿನ ಹತ್ತಿರ ಯಾರಿಗೂ ಕಾಣದಂತೆ ಒಂದು ಕನ್ನಡದ "ಗಿ" ಹೊಲಿದಳು. "ಟೈಲರ್ ಗುರುತು ಬೇಡ್ವಾ?" ಎಂದಳು. ಮೊಮೊ ಕೋಟನ್ನು ಮಡಿಲಿಗೆ ಹಾಕಿಕೊಂಡು, ತಮ್ಮ ಮೊಮ್ಮಗಳ ಹೆಸರಿನ ಮೇಲೆ ಬೆರಳಾಡಿಸಿದರು. ಆಗ ಅತ್ತರು. ಅಮ್ಮನೂ ಅತ್ತಳು, ಡೋಲ್ಮಾ, ನಾನೂ ಸೇರಿಕೊಂಡೆವು.

ಜನವರಿ ಕೊನೆಗೆ ನೇಪಾಳಕ್ಕೆ ಹೊರಟಿದ್ದ ನೆಂಟರೊಬ್ಬರ ಕೈಯಲ್ಲಿ ಕೋಟು ಹೋಯಿತು. ಸಂಕ್ರಾಂತಿ ಕಳೆದು ಬಿಸಿಲು ಏರಿದ ಮೇಲೆ ಸ್ವೆಟರಿನವರೂ ಗಂಟು ಕಟ್ಟಿದರು. ಮುಂದಿನ ಚಳಿಗಾಲ ಬಂದಾಗ ನಾನು ಕೇಳಿದ ಮೊದಲ ಮಾತು, ಕೋಟು ಮುಟ್ಟಿತಾ? ಡೋಲ್ಮಾ ಗೊತ್ತಿಲ್ಲವೆಂದು ತಲೆಯಾಡಿಸಿದಳು. ಪತ್ರವೇ ಬಂದಿರಲಿಲ್ಲ. ಅದರ ಮುಂದಿನ ವರ್ಷ ಮೊಮೊ ಬರಲಿಲ್ಲ, ತೀರಿಕೊಂಡಿದ್ದರು. ಆಮೇಲೆ ಆ ಸೈಟಿನಲ್ಲಿ ಕಾಂಪ್ಲೆಕ್ಸ್ ಕಟ್ಟಿದರು. ಡೋಲ್ಮಾ ಎಲ್ಲಿದ್ದಾಳೋ ಗೊತ್ತಿಲ್ಲ. ಆ ಹುಡುಗಿ ತನ್ನ ಹೆಸರನ್ನು ಓದಿಕೊಂಡಳೋ ಇಲ್ಲವೋ, ಅದೂ ಗೊತ್ತಿಲ್ಲ.

ನಾನೀಗ ಪುಣೆಯಲ್ಲಿದ್ದೇನೆ. ಮಗಳಿಗೆ ಹತ್ತು ವರ್ಷ. ಅಮ್ಮ ತರೀಕೆರೆಯಲ್ಲಿ ನನ್ನ ತಮ್ಮನ ಸಂಸಾರದ ಜೊತೆ ಗಟ್ಟಿಮುಟ್ಟಾಗಿದ್ದಾಳೆ, ವಾಟ್ಸಾಪು ಕಲಿತಿದ್ದಾಳೆ. ಹೋದ ತಿಂಗಳು ಮಗಳ ಹುಟ್ಟುಹಬ್ಬಕ್ಕೆ ಒಂದೊಂದೇ ಅಕ್ಷರ ಒತ್ತಿ ಇಷ್ಟುದ್ದ ಕನ್ನಡದಲ್ಲಿ ಬರೆದು ಅವಳಿಗೇ ಕಳಿಸಿದಳು. ಮಗಳು ಫೋನು ತಂದು ನನ್ನ ಮುಂದೆ ಹಿಡಿದು, "ಅಜ್ಜಿ ಏನಂತಾರೆ, ಓದಿ ಹೇಳು ಅಮ್ಮ" ಎಂದಳು. ಓದಿ ಹೇಳಿದೆ. ಸಂಜೆ ಅಮ್ಮನಿಗೆ ಫೋನು ಮಾಡಿ, ಮೆಸೇಜು ಅವಳಿಗೆ ತುಂಬ ಇಷ್ಟವಾಯಿತು ಅಂದೆ.

"ಅವ್ಳೇ ಓದಿದ್ಲಾ?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. ಇಲ್ಲಿ ಶಾಲೆಯಲ್ಲಿ ಕನ್ನಡ ಇಲ್ಲವಲ್ಲ ಅಮ್ಮ, ನನಗೂ ಕೂರಿಸಿ ಕಲಿಸಲು ಟೈಮೇ ಆಗಲಿಲ್ಲ ಎಂದೆ.

ಅಮ್ಮ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. "ಆ ಮಗೀನ ತಡೆಯಕ್ಕೆ ಒಂದು ಸರ್ಕಾರನೇ ಬೇಕಾಯ್ತು ಕಣೇ ಸುಮಾ. ನಿನ್ನ ಮಗಳಿಗೆ ನೀನೊಬ್ಬಳೇ ಸಾಕಾದೆ" ಎಂದು ಫೋನಿಟ್ಟಳು.