ಬೆಕ್ಕಿನ ಪಥ್ಯ

ತೊಂಬತ್ತರ ದಶಕದಲ್ಲಿ ನಾನು ಪಾಂಡವಪುರದಿಂದ ಒಂದು ಪತ್ರಿಕೆಗೆ ಸುದ್ದಿ ಕಳುಹಿಸುತ್ತಿದ್ದೆ. ಯಾರ ಮಾತನ್ನೂ ಖಚಿತಪಡಿಸಿಕೊಳ್ಳದೆ ಬರೆಯುತ್ತಿರಲಿಲ್ಲ. ಈ ಶಿಸ್ತು ನಮ್ಮ ಮನೆಯ ಹೊಸ್ತಿಲು ದಾಟಿ ಒಳಗೆ ಬಂದಿರಲಿಲ್ಲ.

ಅವ್ವನ ಬೆಕ್ಕು ಒಲೆಯ ಪಕ್ಕ ಬಿದ್ದುಕೊಂಡಿತು. ಏಳಲಿಲ್ಲ. ಕಿವಿಯ ಒಳಗೆಲ್ಲ ಹಳದಿ. ಅವ್ವನ ಅಕ್ಕ, ನಮ್ಮ ದೊಡ್ಡವ್ವ, ಬಾಗಿಲಲ್ಲೇ ನಿಂತು ರೋಗ ಕಂಡುಹಿಡಿದಳು.

"ಕಾಮಾಲೆ ಕಣೆ. ಕಿರಂಗೂರಿಂದ ಬೇರು ತರ್ಸು. ಮೂರ್ ದಿನ ಔಸ್ದಿ, ಆಮೇಲೆ ಪತ್ಯ."

ಬೇರು ಬಂತು. ಪಥ್ಯವೂ ಬಂತು: ಉಪ್ಪಿಲ್ಲ, ಎಣ್ಣೆಯಿಲ್ಲ, ಮೀನಿಲ್ಲ, ಬರೀ ಮಜ್ಜಿಗೆ ಅನ್ನ. ಈ ಚಿಕಿತ್ಸೆಯನ್ನು ಮನೆಯಲ್ಲಿ ವಿರೋಧಿಸಿದ್ದು ಬೆಕ್ಕು ಮಾತ್ರ. ಅದು ಮೂಸಿ ಮುಖ ತಿರುಗಿಸಿತು.

ನಾಲ್ಕನೇ ದಿನ ಅದನ್ನು ಚೀಲದಲ್ಲಿಟ್ಟುಕೊಂಡು ಪಶು ಆಸ್ಪತ್ರೆಗೆ ಹೋದೆ. ಎಮ್ಮೆ ಹಿಡಿದು ನಿಂತಿದ್ದವನೊಬ್ಬ ಚೀಲದೊಳಗೆ ಇಣುಕಿ, "ಎಷ್ಟ್ ಲೀಟ್ರು ಕರೀತದ್ಲಾ ಇದು?" ಎಂದ.

ಡಾಕ್ಟರು ನಗಲಿಲ್ಲ. ಬೆಕ್ಕಿನ ತುಟಿ ಎತ್ತಿ ಸುಣ್ಣದಂತಿದ್ದ ಒಸಡು ತೋರಿಸಿದರು. ಗಾಜಿನ ಮೇಲೆ ಒಂದು ಹನಿ ರಕ್ತಕ್ಕೆ ಸಲೈನ್ ಬೆರೆಸಿದರು. ಅದು ರವೆಯಂತೆ ಗಂಟುಗಂಟಾಯಿತು.

"ಇದರ ರಕ್ತವನ್ನ ಇದರ ಮೈಯೇ ಶತ್ರು ಅಂದ್ಕೊಂಡು ಕೊಲ್ತಾ ಇದೆ. ಆ ಹಳದಿ ಅದರಿಂದ್ಲೇ ಬಂದದ್ದು. ತಿಂಗಳುಗಟ್ಟಲೆ ಮಾತ್ರೆ ಬೇಕು. ಪ್ರಮಾಣ ನಿಧಾನಕ್ಕೆ ಇಳಿಸ್ಬೇಕು, ತಟ್ಟನೆ ನಿಲ್ಸಿದ್ರೆ ಉಳಿಯೋದು ಕಷ್ಟ. ಹೊಟ್ಟೆಗೆ ತಿನ್ನದಿದ್ರೂ ಕಷ್ಟ."

ನಾನು ಮಾತ್ರೆಯನ್ನು ಅವ್ವನ ಕೈಗಿಟ್ಟು, "ದಿನಕ್ಕೊಂದು" ಎಂದಷ್ಟೇ ಹೇಳಿ ಪತ್ರಿಕೆಯ ಕೆಲಸಕ್ಕೆ ನಾಗಮಂಗಲಕ್ಕೆ ಹೋದೆ. ಐದು ದಿನ ಬಿಟ್ಟು ಬಂದರೆ ಬೆಕ್ಕು ಮತ್ತೆ ಒಲೆಯ ಪಕ್ಕ ಬಿದ್ದಿತ್ತು. ಒಸಡು ಬೆಳ್ಳಗಿತ್ತು.

"ಮೂರ್ ದಿನ ಕೊಟ್ಟೆ ಕಣಪ್ಪ. ಎದ್ದು ಓಡಾಡ್ತು. ನಿಲ್ಸಿ ಪತ್ಯಕ್ಕಾಕ್ದೆ," ಎಂದಳು ಅವ್ವ.

ಕಾಮಾಲೆಗೆ ಮೂರು ದಿನ ಎಂಬುದು ಸೀಮೆಗೆಲ್ಲ ಗೊತ್ತಿದ್ದ ಕಾನೂನು. ಡಾಕ್ಟರು ಹೇಳಿದ್ದರಲ್ಲಿ ಮುಖ್ಯವಾದ ಸಾಲನ್ನು ಕತ್ತರಿಸಿ ಮನೆಗೆ ತಲುಪಿಸಿದ್ದವನು ನಾನು. ಈಗ ಪೂರ್ತಿ ಹೇಳಿದೆ.

"ಮೊದ್ಲೇ ಏಳಕ್ಕೇನಾಗಿತ್ಲಾ ನಿಂಗೆ? ಊರ್ಗೆಲ್ಲಾ ಉದ್ದುದ್ದ ಬರೀತೀಯೆ."

ಬೈದವಳು ಸೀದಾ ಹೋಗಿ ಮೀನು ತಂದಳು. ಬೇಯಿಸಿ, ಮುಳ್ಳು ತೆಗೆದು, ಮಾತ್ರೆಯನ್ನು ಒಳಗಿಟ್ಟು ಬೆಕ್ಕಿನ ಬಾಯಿಗೆ ಹಿಡಿದಳು. ಮೊದಲ ದಿನ ನೆಕ್ಕಿತು. ಮಾರನೆಯ ದಿನ ತಿಂದಿತು. ಕೆಲವು ವಾರಗಳಲ್ಲಿ ಒಸಡಿಗೆ ಬಣ್ಣ ಬಂತು.

ದೊಡ್ಡವ್ವ ನೋಡಲು ಬಂದಳು. "ನೋಡ್ದಾ? ಆ ಬೇರು ನಿಧಾನುಕ್ಕೆ ಇಡೀತದೆ."

"ಊ ಕಣಕ್ಕ," ಎಂದಳು ಅವ್ವ, ಡಾಕ್ಟರು ಅರ್ಧಕ್ಕಿಳಿಸಿದ್ದ ಮಾತ್ರೆಯನ್ನು ಸಮನಾಗಿ ಮುರಿಯುತ್ತಾ.