ಓರೆ ಬಾಗಿಲಿನ ಸಾಕ್ಷಿ

ಇಂಗ್ಲೆಂಡಿನ ಸಫೋಕ್ ಸೀಮೆಯ ಓಕ್ ಮರದ ಚೌಕಟ್ಟಿನ ಹಳೆಯ ರೈತಮನೆಗಳಲ್ಲಿ ಇಂದಿಗೂ ಒಲೆ ಉರಿಯುತ್ತಿದ್ದರೆ, ಅದರ ಹಿಂದೆ ಶ್ರೀಮತಿ ಹಿಲರಿ ಗೋಸ್ಲಿಂಗ್ ಅವರ ಹಟವಿದೆ. ಪುರಾತನ ಕಟ್ಟಡಗಳ ಅಧಿಕಾರಿಯಾಗಿ ಈ ವಸಂತದಲ್ಲಿ ನಿವೃತ್ತರಾದ ಅವರು ಮೇಲಧಿಕಾರಿಗಳ ಮೆಚ್ಚುಗೆ ಗಳಿಸಿದ್ದು ಅಪರೂಪ. ಬಯಸಿದ್ದಂತೂ ಇಲ್ಲವೇ ಇಲ್ಲ.

ಅವರ ನೌಕರಿ ಇನ್ನೂ ಕಾಯಂ ಆಗಿರದ ದಿನಗಳವು. ಮುದುಕ ಎಡ್ಗರ್ ಗ್ಯಾರಡ್ ಅವರ ಮನೆ ಇಡಿಯಾಗಿ ರಸ್ತೆಯತ್ತ ವಾಲಿತ್ತು. ಅದು ಇನ್ನೂ ಸರಿಯುತ್ತಿದೆ, ಕೆಡವಲೇಬೇಕು ಎಂದು ಕೌನ್ಸಿಲಿನ ಎಂಜಿನಿಯರ್ ವರದಿ ಕೊಟ್ಟಿದ್ದರು. ಹಿಲರಿಯವರು ಒಪ್ಪಿಗೆಯ ಸಹಿ ಹಾಕಿದರೆ ಹುದ್ದೆ ಭದ್ರ. ಇಲ್ಲವಾದರೆ ಅದೂ ಗ್ಯಾರಡರ ಸೂರಿನಂತೆಯೇ.

“ನೀನೂ ಕೆಡವೋಕೇ ಬಂದೆಯಾ ಮಗಳೇ? ಚಹಾ ಕುಡಿದು ಕೆಡವು, ಬರೀ ಹೊಟ್ಟೇಲಿ ಯಾಕೆ?” ಎಂದರು ಗ್ಯಾರಡ್.

ಹಿಲರಿಯವರ ಕಣ್ಣು ಅಡುಗೆಮನೆಯ ಒಳಬಾಗಿಲಿನ ಮೇಲಿತ್ತು. ಅದರ ಹಲಗೆಗಳ ತಲೆಯನ್ನು ಓರೆಯಾಗಿ ಕೊಯ್ದಿದ್ದರು. ಕೊಯ್ದ ಅಂಚೂ ಶತಮಾನಗಳ ಹೊಗೆಗೆ ಕಪ್ಪಾಗಿತ್ತು. “ಇದನ್ನ ಹಾಕಿದ್ರೆ ಕೂರತ್ತಾ?”

“ಯಾರಿಗೆ ಗೊತ್ತು? ನಮ್ಮಮ್ಮನ ಕಾಲದಿಂದ ಅದಕ್ಕೆ ಅಡ್ಡವಾಗಿ ಕಲ್ಲಿದ್ದಲ ಪೆಟ್ಟಿಗೆ ಇದೆ, ಹಾಕಿದ್ದೇ ಇಲ್ಲ.”

ಪೆಟ್ಟಿಗೆ ಸರಿಸಿ ಗುಟ್ಟಾಗಿ ಪರೀಕ್ಷಿಸಬಹುದಿತ್ತು. ಹಿಲರಿಯವರು ಹಾಗೆ ಮಾಡಲಿಲ್ಲ. ಮರುದಿನ ಕೌನ್ಸಿಲಿನ ಸಮಿತಿಯೇ ಮನೆ ನೋಡಲು ಬಂದಾಗ, ಎಲ್ಲರೆದುರು ಪೆಟ್ಟಿಗೆ ತೆಗೆಸಿದರು.

ಎಂಜಿನಿಯರ್ ಗೋಡೆಯ ಓರೆ ಅಳೆಯಲು ದಾರಕ್ಕೆ ಕಟ್ಟಿದ ತೂಗುಗುಂಡು ಇಳಿಬಿಟ್ಟು ನಕ್ಕರು. “ಇಲ್ಲಿ ನೆಟ್ಟಗಿರೋದು ಈ ದಾರ ಒಂದೇ, ಮಿಸ್.”

“ಬಾಗಿಲನ್ನ ನೀವೇ ಹಾಕಿ ಸರ್. ಮನೆ ಸರೀತಾ ಇದ್ರೆ ಅದು ಚೌಕಟ್ಟಿಗೆ ಸಿಕ್ಕಿಹಾಕ್ಕೊಬೇಕು. ಸಿಕ್ಕಿಹಾಕ್ಕೊಂಡ್ರೆ ಈಗಲೇ ಸಹಿ ಹಾಕ್ತೀನಿ.”

ಗ್ಯಾರಡ್ ಟೋಪಿ ತೆಗೆದು ಕೈಯಲ್ಲಿ ಹಿಡಿದರು. ಎಂಜಿನಿಯರ್ ದೂಡಿದರು. ಕೀಲು ನರಳಿತು, ಬಾಗಿಲು ಅರ್ಧದಲ್ಲಿ ತಡೆದು ನಿಂತಿತು. ಹಿಲರಿಯವರು ಬಾಗಿ, ಕೆಳಗೆ ಸಿಕ್ಕಿದ್ದ ಕಲ್ಲಿದ್ದಲ ಚೂರನ್ನು ತೆಗೆದು, “ಇನ್ನೊಮ್ಮೆ” ಎಂದರು. ಈ ಬಾರಿ ಓರೆ ಬಾಗಿಲು ಓರೆ ಚೌಕಟ್ಟಿನೊಳಗೆ ಬೆಳಕಿನ ಒಂದೆಳೆಯೂ ನುಸುಳದಂತೆ ಕುಳಿತಿತು.

“ವಾಲಿದ ಮನೆಗೆ ಅಳತೆ ತಗೊಂಡು ಇದನ್ನ ಕೊಯ್ದ ಬಡಗಿ ಸತ್ತು ಎಷ್ಟು ತಲೆಮಾರಾಯ್ತೋ” ಎಂದರು ಹಿಲರಿ. “ಆಮೇಲೆ ಈ ಮನೆ ಅಲುಗಿಲ್ಲ. ನಾನೂ ಅಲುಗಲ್ಲ.”

ಕೆಡವುವ ಪ್ರಸ್ತಾಪ ಅಂದೇ ಬಿದ್ದುಹೋಯಿತು. ಹಿಲರಿಯವರ ಕಾಯಮಾತಿ ಮಾತ್ರ ವರ್ಷಗಟ್ಟಲೆ ತಡವಾಯಿತು. ಆ ಅವಧಿಯಲ್ಲಿಯೂ ಅವರು ಒಂದೊಂದು ರೈತಮನೆಯ ಅಟ್ಟ ಹತ್ತಿದರು, ತೊಲೆ ತಡವಿದರು, ಕೆಡವುವುದು ಬೇಡವೆನಿಸಿದ ಕಡೆ ಬೇಡವೆಂದೇ ಬರೆದರು. ಮನೆಯವರಿಗೆ ಗೋಡೆ ದುರಸ್ತಿಗೆ ಸುಣ್ಣ ಕಲಸುವುದನ್ನು ತಾವೇ ಕಲಿಸಿಕೊಟ್ಟರು.

ಮುಂದಿನ ತಿಂಗಳು ಮತ್ತೊಂದು ಹಳೆಯ ಮನೆಯನ್ನು ಕೆಡವುವ ಕುರಿತು ವಿಚಾರಣೆಯಿದೆ. ಸಾಮಾನ್ಯ ನಾಗರಿಕರಾಗಿ ಮಾತನಾಡಲು ಹಿಲರಿಯವರು ಆಗಲೇ ಹೆಸರು ಕೊಟ್ಟಿದ್ದಾರೆ. ಅವರು ನೂರ್ಕಾಲ ಬಾಳಲಿ. ಕೆಡವಲು ಬರುವವರಿಗೆಲ್ಲ ಮೊದಲು ಅವರನ್ನು ದಾಟುವ ಕಷ್ಟ ತಪ್ಪದಿರಲಿ.